ಒಬ್ಬರ ಗಳಿಕೆ, ಇಬ್ಬರ ಸಂಸಾರ

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಸೀಮೆಯಲ್ಲಿ ಕನ್ಯೆಯ ಕಡೆಯವರು ವರನ ಮನೆತನವನ್ನು ವಿಚಾರಿಸುವ ಪದ್ಧತಿ ಬಹಳ ಹಳೆಯದು, ವ್ಯವಹಾರಜ್ಞಾನದಿಂದ ಕೂಡಿದ್ದು. ಹೊಲ ಎಷ್ಟು ಎಕರೆ, ಅದರಲ್ಲಿ ನೀರಾವರಿ ಎಷ್ಟು, ಪೇಢಿಯ ಮೇಲೆ ಸಾಲವಿದೆಯೇ, ಅಣ್ಣತಮ್ಮಂದಿರಲ್ಲಿ ವಾಟ್ನಿ ಆಗಿದೆಯೇ, ಆಗಿರದಿದ್ದರೆ ತಿಜೋರಿಯ ಕೀಲಿ ಯಾರ ಕೈಯಲ್ಲಿದೆ ಎಂದು ಕೇಳುವುದಕ್ಕೆ ಯಾರಿಗೂ ನಾಚಿಕೆಯಿರಲಿಲ್ಲ, ಹೇಳುವುದಕ್ಕೂ ಇರಲಿಲ್ಲ. ಆದರೆ ವರನು ಅಮೆರಿಕದಲ್ಲಿದ್ದಾನೆ ಎಂದೊಡನೆ ಈ ವಿವೇಕವೆಲ್ಲ ಎಲ್ಲಿಯೋ ಅಡಗಿಬಿಡುತ್ತದೆ. ವರ್ಷದ ಸಂಬಳವನ್ನು ಡಾಲರಿನಲ್ಲಿ ಕೇಳಿ, ರೂಪಾಯಿಗೆ ಗುಣಿಸಿ, ಬೀಗರು ಪರಸ್ಪರ ಕೈಮುಗಿದು ಮುಹೂರ್ತ ನಿಶ್ಚಯಿಸುತ್ತಾರೆ. ಕನ್ಯೆಯು ಆ ದೇಶವನ್ನು ಪ್ರವೇಶಿಸುವುದು ಯಾವ ವೀಸಾದ ಮೇಲೆ, ಆ ವೀಸಾ ಆಕೆಗೆ ದುಡಿಯುವ ಅಧಿಕಾರ ಕೊಡುತ್ತದೆಯೇ, ಕೊಡದಿದ್ದರೆ ಎಷ್ಟು ಕಾಲದವರೆಗೆ, ಆ ಕಾಲದಲ್ಲಿ ಮನೆಯ ಹಣದ ಮೇಲೆ ಆಕೆಯ ಹಕ್ಕೇನು ಎಂಬ ಪ್ರಶ್ನೆಗಳನ್ನು ಎತ್ತುವವರು ವಿರಳ. ಎತ್ತಿದವರನ್ನು ಅಪಶಕುನ ನುಡಿಯುವವರೆಂದು ಭಾವಿಸುವುದೂ ಉಂಟು.

ಕಾನೂನಿನ ಸ್ಥಿತಿಯನ್ನು ಮೊದಲು ತಿಳಿಯುವುದು ಅವಶ್ಯ. ಈ ಭಾಗದಿಂದ ಹೋದ ತಾಂತ್ರಿಕ ಪದವೀಧರರಲ್ಲಿ ಅನೇಕರು 1990ರ ವಲಸೆ ಕಾನೂನಿನಿಂದ ರೂಪುಗೊಂಡ ಎಚ್-1ಬಿ ಎಂಬ ವೀಸಾದ ಮೇಲೆ ಅಲ್ಲಿ ನೌಕರಿ ಮಾಡುತ್ತಾರೆ. ಅವರ ಪತಿ ಅಥವಾ ಪತ್ನಿಗೆ ದೊರೆಯುವುದು ಎಚ್-4 ಎಂಬ ಅವಲಂಬಿತರ ವೀಸಾ. ಎಚ್-4 ಹೊಂದಿದವರು ಅಲ್ಲಿ ವಾಸಿಸಬಹುದು, ಓದಬಹುದು, ಬ್ಯಾಂಕಿನ ಖಾತೆ ತೆರೆಯಬಹುದು, ಮನೆಯನ್ನು ತಮ್ಮ ಹೆಸರಿಗೆ ಕೊಳ್ಳಬಹುದು, ವೇತನಕ್ಕಾಗಿ ದುಡಿಯುವಂತಿಲ್ಲ. 2015ರ ಮೇ 26ರಿಂದ ಜಾರಿಗೆ ಬಂದ ನಿಯಮವೊಂದು ಈ ನಿರ್ಬಂಧವನ್ನು ಭಾಗಶಃ ಸಡಿಲಿಸಿತು. ಎಚ್-1ಬಿ ಹೊಂದಿದವನ ಮಾಲೀಕರು ಕಾಯಂ ನಿವಾಸಕ್ಕಾಗಿ ಸಲ್ಲಿಸಿದ ಐ-140 ಎಂಬ ಅರ್ಜಿ ಮಂಜೂರಾಗಿದ್ದರೆ, ಅಥವಾ ಆರು ವರ್ಷಗಳ ಸಾಮಾನ್ಯ ಅವಧಿ ಮೀರಿ ಅವನ ವೀಸಾ ವಿಸ್ತರಣೆಯಾಗಿದ್ದರೆ, ಪತ್ನಿಯು ದುಡಿಮೆಯ ಪರವಾನಗಿಗೆ ಅರ್ಜಿ ಹಾಕಬಹುದು. ಅದಕ್ಕೂ ಮುಂಚೆ ಹಾಕುವಂತಿಲ್ಲ. ಯಾವುದೇ ಒಂದು ದೇಶದಲ್ಲಿ ಜನಿಸಿದವರಿಗೆ ವರ್ಷದ ಕಾಯಂ ನಿವಾಸ ಪತ್ರಗಳಲ್ಲಿ ನೂರಕ್ಕೆ 7ಕ್ಕಿಂತ ಹೆಚ್ಚು ಹೋಗಬಾರದೆಂಬ ಮಿತಿಯಿರುವುದರಿಂದ ಭಾರತೀಯರ ಸಾಲು ದಶಕಕ್ಕೂ ಮಿಕ್ಕಿ ಉದ್ದವಾಗಿದೆ. ಹೀಗಾಗಿ ಈ ಅವಲಂಬನೆಯು ಮದುವೆಯಾದ ಹೊಸದರ ತಾತ್ಕಾಲಿಕ ಅನನುಕೂಲ ಮಾತ್ರವಲ್ಲ, ಕೆಲವರ ಪಾಲಿಗೆ ಯೌವನದ ಬಹುಭಾಗವೇ ಆಗಿದೆ. 2015ರ ಆ ನಿಯಮದ ವಿರುದ್ಧ ಹೂಡಿದ ದಾವೆಯು ಹತ್ತು ವರ್ಷ ನಡೆಯಿತು; 2025ರ ಅಕ್ಟೋಬರಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅದನ್ನು ವಿಚಾರಣೆಗೆ ಸ್ವೀಕರಿಸಲು ನಿರಾಕರಿಸಿದ್ದರಿಂದ ನಿಯಮ ಉಳಿಯಿತು. ಆದರೂ ಅದು ಇಲಾಖೆಯ ನಿಯಮವೇ ಹೊರತು ಸಂಸತ್ತಿನ ಕಾನೂನಲ್ಲ. ಒಂದು ಸರಕಾರ ಕೊಟ್ಟದ್ದನ್ನು ಇನ್ನೊಂದು ಸರಕಾರ ಹಿಂತೆಗೆದುಕೊಳ್ಳಬಹುದೆಂಬ ಅಂಜಿಕೆ ಆ ಮನೆಗಳಲ್ಲಿ ಸದಾ ಇರುತ್ತದೆ.

ಈಗ ಒಬ್ಬ ಕನ್ಯೆಯನ್ನು ಊಹಿಸಿಕೊಳ್ಳಬಹುದು. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದಿದವಳು. ಪುಣೆಯಲ್ಲಿ ನಾಲ್ಕು ವರ್ಷ ನೌಕರಿ ಮಾಡಿದವಳು. ತಮ್ಮನ ಕಾಲೇಜಿನ ಫೀ ಕಟ್ಟಿದವಳು. ತಂದೆಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಯಾರನ್ನೂ ಕೇಳದೆ ಹಣ ಕಳಿಸಿದವಳು. ಲಗ್ನವಾಗಿ ನೌಕರಿಗೆ ರಾಜೀನಾಮೆ ಕೊಟ್ಟು ವಿಮಾನ ಏರಿದ ದಿನವೇ ಆಕೆಯ ಗಳಿಕೆ ಶೂನ್ಯಕ್ಕೆ ಇಳಿಯುತ್ತದೆ. ಆಕೆಯ ಬುದ್ಧಿ ಇಳಿದಿಲ್ಲ, ಶ್ರಮಿಸುವ ಶಕ್ತಿ ಇಳಿದಿಲ್ಲ. ಗಂಡ ದುಷ್ಟನಲ್ಲ. ಕೇಳಿದಾಗಲೆಲ್ಲ ಕೊಡುತ್ತಾನೆ, ಕೆಲವೊಮ್ಮೆ ಕೇಳುವ ಮೊದಲೇ ಕೊಡುತ್ತಾನೆ. ಆದರೂ ತಮ್ಮನ ಮಗುವಿಗೊಂದು ಬೆಳ್ಳಿಯ ಲೋಟ ಕಳಿಸಬೇಕೆಂದಾಗ ಆಕೆಯ ಬಾಯಿಂದ ಹೊರಡುವುದು ಒಂದು ಬೇಡಿಕೆ. ದುಷ್ಟನಾದ ಗಂಡನ ವಿಷಯದಲ್ಲಿ ಧರ್ಮವೇನೆಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಚಿಂತನೆಯ ಅಗತ್ಯವಿಲ್ಲ. ಚಿಂತನೆಗೆ ಯೋಗ್ಯವಾದದ್ದು ಈ ಸಜ್ಜನನ ಮನೆಯ ಸಂಗತಿ. ಅಲ್ಲಿ ಏನೂ ಕೊರತೆಯಿಲ್ಲ. ಆದರೂ ಏನೋ ಒಂದು ಸರಿಯಿಲ್ಲ.

ಸರಿಯಿಲ್ಲದ್ದು ಏನೆಂದರೆ, ಅಲ್ಲಿ ಪಾಲು ಇರಬೇಕಾದ ಸ್ಥಳದಲ್ಲಿ ದಾನ ಬಂದು ಕುಳಿತಿದೆ. ದಾನವು ಶ್ರೇಷ್ಠವೆಂಬುದರಲ್ಲಿ ಸಂಶಯವಿಲ್ಲ. ಆದರೆ ತನ್ನದನ್ನು ಮಾತ್ರ ದಾನ ಮಾಡಬಹುದು. ಇನ್ನೊಬ್ಬರ ಪಾಲನ್ನು ಅವರಿಗೇ ದಾನವೆಂದು ಕೊಟ್ಟು, ಅದರಿಂದ ಔದಾರ್ಯದ ತೃಪ್ತಿಯನ್ನೂ ಪಡೆದರೆ ಅದನ್ನು ಏನೆಂದು ಕರೆಯಬೇಕು? ಆದ್ದರಿಂದ ಮೂಲ ಪ್ರಶ್ನೆ ಇಷ್ಟೇ: ಕಾನೂನು ಒಬ್ಬರಿಗೆ ಮಾತ್ರ ದುಡಿಯಲು ಬಿಟ್ಟ ಮನೆಯಲ್ಲಿ, ಬಂದ ಹಣ ಯಾರದು?

ಗಳಿಸಿದವನದು ಎಂಬುದು ಮೊದಲು ತೋಚುವ ಉತ್ತರ. ಅದಕ್ಕೆ ಕೊಡುವ ಕಾರಣ ಶ್ರಮ. ಶ್ರಮಿಸಿದವನಿಗೆ ಫಲ ಎಂಬ ಮಾತು ನ್ಯಾಯವಾದದ್ದೇ. ಆದರೆ ಶ್ರಮಿಸಲು ಸಿದ್ಧಳಿದ್ದವಳ ಕೈಯನ್ನು ರಾಜ್ಯವು ಕಟ್ಟಿಹಾಕಿದಾಗ ಆ ನ್ಯಾಯದ ಒಂದು ಕಾಲು ಮುರಿದಂತಾಗುತ್ತದೆ. ಅದೇ ದೇಶದಲ್ಲಿ, ಅದೇ ಕೆಲಸಕ್ಕೆ, ಗಂಡನು ಎಲ್-1 ಎಂಬ ವರ್ಗಾವಣೆಯ ವೀಸಾದ ಮೇಲೆ ಬಂದಿದ್ದರೆ ಹೆಂಡತಿಯು ದುಡಿಯಬಹುದು. 2021ರ ನವೆಂಬರಿನಿಂದ ಅಂಥವರಿಗೆ ಪ್ರತ್ಯೇಕ ಪರವಾನಗಿಯ ಅವಶ್ಯಕತೆಯೂ ಇಲ್ಲ. ಪಕ್ಕದ ಮನೆಯ ಹೆಣ್ಣುಮಗಳು ಗಳಿಸುತ್ತಾಳೆ, ಈಕೆ ಗಳಿಸುವುದಿಲ್ಲ. ಇಬ್ಬರ ಯೋಗ್ಯತೆಯಲ್ಲಿ ವ್ಯತ್ಯಾಸವಿಲ್ಲ, ಗಂಡಂದಿರ ವೀಸಾದ ಮೇಲಿನ ಒಂದು ಅಕ್ಷರದಲ್ಲಿ ಮಾತ್ರ ವ್ಯತ್ಯಾಸ. ಆ ಅಕ್ಷರದ ಆಧಾರದ ಮೇಲೆ ಒಬ್ಬಳನ್ನು ಪಾಲುದಾರಳೆಂದೂ ಮತ್ತೊಬ್ಬಳನ್ನು ಆಶ್ರಿತಳೆಂದೂ ಕರೆಯುವುದು ವಿವೇಕವೆನಿಸದು.

ಇಲ್ಲಿ ಸಮುದ್ರ ವ್ಯಾಪಾರದ ಒಂದು ಪುರಾತನ ನಿಯಮವನ್ನು ನೆನೆಯಬಹುದು. ಬಿ.ಕಾಂ. ತರಗತಿಯಲ್ಲಿ ಸಾಗರ ವಿಮೆಯ ಪಾಠ ಓದಿದವರಿಗೆ ಜನರಲ್ ಅವರೇಜ್ ಎಂಬ ಶಬ್ದ ನೆನಪಿರಬೇಕು. ಹಡಗಿನಲ್ಲಿ ಹತ್ತು ವರ್ತಕರ ಸರಕು ಇರುತ್ತದೆ. ಬಿರುಗಾಳಿ ಎದ್ದು ಹಡಗು ಮುಳುಗುವ ಭಯ ಬಂದಾಗ ನಾವಿಕನು ಭಾರ ಇಳಿಸಲು ಒಬ್ಬನ ಸರಕನ್ನು ಸಮುದ್ರಕ್ಕೆ ಎಸೆಯುತ್ತಾನೆ. ಹಡಗು ದಡ ಸೇರುತ್ತದೆ. ಒಂಬತ್ತು ಜನರ ಮಾಲು ಸುರಕ್ಷಿತ. ಎಸೆಯಲ್ಪಟ್ಟ ಸರಕಿನ ನಷ್ಟ ಯಾರದು? ಹಡಗಿನವನೂ ಎಲ್ಲ ವರ್ತಕರೂ ತಮ್ಮ ತಮ್ಮ ಮಾಲಿನ ಬೆಲೆಗೆ ಅನುಸಾರವಾಗಿ ಅದನ್ನು ತುಂಬಿಕೊಡಬೇಕೆಂಬುದು ಪ್ರಾಚೀನ ಗ್ರೀಕರ ಕಾಲದಿಂದ ನಡೆದುಬಂದ ವಿಧಿ. ಭಾರತದ 1963ರ ಸಾಗರ ವಿಮಾ ಕಾಯ್ದೆಯಲ್ಲಿಯೂ ಅದಕ್ಕೆ ಸ್ಥಾನವಿದೆ. ಎಲ್ಲರ ಹಿತಕ್ಕಾಗಿ ಒಬ್ಬನು ಕಳೆದುಕೊಂಡದ್ದನ್ನು ಅವನ ದುರದೃಷ್ಟವೆಂದು ಬಿಟ್ಟುಬಿಡಬಾರದು ಎಂಬುದೇ ಅದರ ತಿರುಳು. ಉಳಿದ ಒಂಬತ್ತು ಜನ ಕೊಡುವ ಹಣ ದಾನವಲ್ಲ, ಬಾಕಿ.

ಅಮೆರಿಕಕ್ಕೆ ಹೊರಟ ದಂಪತಿಗಳ ಪ್ರಯಾಣದಲ್ಲಿ ಸಮುದ್ರಕ್ಕೆ ಎಸೆದದ್ದು ಹೆಂಡತಿಯ ಗಳಿಕೆಯನ್ನು. ಅಲ್ಲಿಗೆ ಹೋಗುವ ನಿರ್ಣಯ ಇಬ್ಬರದೂ ಆಗಿತ್ತು. ಇಬ್ಬರ ತಂದೆತಾಯಿಗಳದೂ ಆಗಿತ್ತು. ಲಾಭವು ಇಡೀ ಸಂಸಾರಕ್ಕೆ ಬಂದಿತು, ನಷ್ಟವು ಒಬ್ಬಳ ಖಾತೆಗೆ ಮಾತ್ರ ಬಿದ್ದಿತು. ಆಕೆ ಕಳೆದುಕೊಂಡದ್ದು ಕೇವಲ ಆ ವರ್ಷಗಳ ಸಂಬಳವಲ್ಲ. ಭವಿಷ್ಯ ನಿಧಿಗೆ ಸೇರಬೇಕಾಗಿದ್ದ ಮೊತ್ತ, ಬಡ್ತಿ, ಅನುಭವ, ಹತ್ತು ವರ್ಷಗಳ ತರುವಾಯ ಕೆಲಸಕ್ಕೆ ಮರಳಿದಾಗ ಹೊಸಬಳಂತೆ ಕೆಳಗಿನಿಂದ ಆರಂಭಿಸುವ ಅವಮಾನ - ಇವೆಲ್ಲವೂ ಎಸೆದ ಸರಕಿನ ಬೆಲೆಯಲ್ಲಿ ಸೇರಬೇಕು. ಹಡಗು ದಡ ಸೇರಿದ ಮೇಲೆ ಗಂಡನು ತನ್ನ ಗಳಿಕೆಯಲ್ಲಿ ಅರ್ಧವನ್ನು ಆಕೆಯದೆಂದು ಮನ್ನಿಸಿದರೆ, ಅವನು ಮಾಡಿದ್ದು ಉಪಕಾರವಲ್ಲ, ಲೆಕ್ಕ ತೀರಿಸಿದ್ದು.

ವಿಚಿತ್ರವೆಂದರೆ ದುಡಿಯಬಾರದೆಂದು ಆಕೆಗೆ ಹೇಳುವ ದೇಶದಲ್ಲಿಯೇ ಈ ಅರ್ಧ ಪಾಲನ್ನು ಮನ್ನಿಸುವ ಕಾನೂನೂ ಇದೆ. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್ ರಾಜ್ಯಗಳೂ ಸೇರಿ ಒಟ್ಟು 9 ರಾಜ್ಯಗಳಲ್ಲಿ, ವಿವಾಹದ ನಂತರ ಯಾರೇ ಗಳಿಸಿದರೂ ಆ ಗಳಿಕೆ ಸಾಮಾನ್ಯವಾಗಿ ಇಬ್ಬರದೂ ಎಂಬ ನಿಯಮವಿದೆ. ಸಂಬಳದ ಚೆಕ್ಕಿನ ಮೇಲೆ ಗಂಡನ ಹೆಸರಿದ್ದರೂ ಹಣದ ಅರ್ಧ ಹೆಂಡತಿಯದು. ಆಕೆಯ ವೀಸಾ ಯಾವುದೆಂದು ಆ ಕಾನೂನು ಕೇಳುವುದಿಲ್ಲ. ನ್ಯೂಜೆರ್ಸಿಯಂಥ ಉಳಿದ ರಾಜ್ಯಗಳಲ್ಲಿ ಈ ನಿಯಮವಿಲ್ಲ. ಟೆಕ್ಸಾಸಿನಲ್ಲಿ ಒಡತಿಯಾದವಳು ಗಂಡನಿಗೆ ವರ್ಗವಾದ ಮಾತ್ರಕ್ಕೆ ನ್ಯೂಜೆರ್ಸಿಯಲ್ಲಿ ಆಶ್ರಿತೆಯಾಗುವುದಾದರೆ, ಹಕ್ಕಿನ ಆಧಾರವನ್ನು ರಾಜ್ಯದ ಗಡಿಯಲ್ಲಿ ಹುಡುಕಿ ಫಲವಿಲ್ಲ, ಮನೆಯೊಳಗಿನ ಧರ್ಮದಲ್ಲಿಯೇ ಹುಡುಕಬೇಕು.

ಭಾರತದ ಕಾನೂನು ಈ ವಿಷಯದಲ್ಲಿ ಇನ್ನೂ ಹಿಂದಿದೆ. ಜೈನರಿಗೂ ಅನ್ವಯಿಸುವ ಹಿಂದೂ ಕಾನೂನಿನಲ್ಲಿ ಗಂಡನ ಗಳಿಕೆ ಗಂಡನದು, ಹೆಂಡತಿಯದು ಹೆಂಡತಿಯದು. ಸ್ತ್ರೀಧನವು ಸಂಪೂರ್ಣವಾಗಿ ಆಕೆಯದೇ, ಗಂಡನ ಮನೆಯವರ ಬಳಿ ಅದು ನ್ಯಾಸವಾಗಿ ಇರುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಸ್ಪಷ್ಟಪಡಿಸಿತು. 2023ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು, ಗಂಡನು ಪರದೇಶದಲ್ಲಿ ದುಡಿದು ಕಳಿಸಿದ ಹಣದಿಂದ ಕೊಂಡ ಆಸ್ತಿಯಲ್ಲಿ, ಮನೆಯನ್ನು ನಿರ್ವಹಿಸಿದ ಹೆಂಡತಿಗೂ ಪಾಲಿದೆ ಎಂದು ತೀರ್ಪು ಕೊಟ್ಟಿತು. 2024ರ ಜುಲೈ 10ರ ತೀರ್ಪೊಂದರಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ಸ್ವಂತ ಆದಾಯವಿಲ್ಲದ ಗೃಹಿಣಿಗೆ ಗಂಡಂದಿರು ಜಂಟಿ ಖಾತೆ, ಎ.ಟಿ.ಎಂ. ಕಾರ್ಡುಗಳ ಮೂಲಕ ಹಣದ ಮೇಲೆ ಅಧಿಕಾರ ಕೊಡಬೇಕಾದ ಅಗತ್ಯವನ್ನು ಪ್ರತ್ಯೇಕವಾಗಿ ಎತ್ತಿ ಬರೆದರು. ಜಂಟಿ ಖಾತೆಯ ಅಗತ್ಯವನ್ನು ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತೆಂದರೆ, ಅಷ್ಟು ಸಣ್ಣ ಸಂಗತಿಯೂ ಎಷ್ಟು ಮನೆಗಳಲ್ಲಿ ನಡೆದಿಲ್ಲವೆಂಬುದನ್ನು ಊಹಿಸಬಹುದು.

ಹಿರಿಯರು ಇದಕ್ಕೆ ಒಂದು ಆಕ್ಷೇಪಣೆ ಎತ್ತುವುದುಂಟು. ಹಿಂದಿನ ಅವಿಭಕ್ತ ಕುಟುಂಬದಲ್ಲಿ ಯಾವ ಸೊಸೆಯ ಹೆಸರಿನಲ್ಲಿ ಬ್ಯಾಂಕಿನ ಖಾತೆಯಿತ್ತು, ಯಾರು ಪಾಲು ಕೇಳಿದ್ದರು, ಸಂಸಾರ ಸುಖವಾಗಿ ಸಾಗಲಿಲ್ಲವೇ ಎಂದು. ಸುಖವಾಗಿ ಸಾಗಿತೋ ಇಲ್ಲವೋ ಎಂಬುದನ್ನು ಆ ಸೊಸೆಯರೇ ಹೇಳಬೇಕು, ಅದಿರಲಿ. ಖಾತೆಯಿರಲಿಲ್ಲವೆಂಬುದು ನಿಜ, ಆದರೆ ಬೇರೆ ಆಧಾರಗಳಿದ್ದವು. ಅಡಿಗೆಮನೆಯ ಕಾಳುಕಡಿ ಹೆಣ್ಣುಮಕ್ಕಳ ವಶದಲ್ಲಿತ್ತು. ಹೈನದ ದುಡ್ಡು ಅವರ ಗಂಟಿಗೆ ಸೇರುತ್ತಿತ್ತು. ಮೈಮೇಲಿನ ಬಂಗಾರ ಕಷ್ಟಕಾಲಕ್ಕೆ ಇತ್ತು. ತವರುಮನೆ ಹತ್ತಿಪ್ಪತ್ತು ಮೈಲಿನೊಳಗೆ ಇತ್ತು. ಅನ್ಯಾಯವಾದರೆ ಅಣ್ಣ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದ. ದುಡಿಯುವ ಬಡವರ ಮನೆಗಳಲ್ಲಿಯಂತೂ ಹೆಣ್ಣಿನ ಕೂಲಿಯೇ ಮನೆಯನ್ನು ನಡೆಸುತ್ತಿತ್ತು. ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ಧೂಳು ಕುಡಿದು ದುಡಿದ ಹೆಂಗಸರು 1980ರ ದಶಕದಲ್ಲಿ ಸಂಘ ಕಟ್ಟಿಕೊಂಡು ತಮ್ಮ ಕೂಲಿಯನ್ನು ವಾದಿಸಿ ಪಡೆದದ್ದನ್ನು ಈ ಊರು ಕಂಡಿದೆ. ನ್ಯೂಜೆರ್ಸಿಯ ಎರಡು ಕೋಣೆಯ ಮನೆಯಲ್ಲಿ ಹೈನವಿಲ್ಲ, ಕಟ್ಟೆಯಿಲ್ಲ, ಅಣ್ಣನಿಲ್ಲ, ಕೂಲಿಯೂ ಇಲ್ಲ. ಹಳೆಯ ವ್ಯವಸ್ಥೆಯ ಆಧಾರಗಳನ್ನೆಲ್ಲ ತೆಗೆದು ಅದರ ನಿಯಮವನ್ನು ಮಾತ್ರ ಉಳಿಸಿಕೊಳ್ಳುವುದು ಸಂಪ್ರದಾಯಪಾಲನೆ ಎನ್ನಿಸದು.

ಗಂಡಹೆಂಡಿರ ನಡುವೆ ಲೆಕ್ಕ ಬಂದರೆ ಪ್ರೀತಿ ಹೋಗುತ್ತದೆ ಎಂಬುದು ಎರಡನೆಯ ಆಕ್ಷೇಪಣೆ. ಇದನ್ನು ಹೇಳುವವರು ಸಾಮಾನ್ಯವಾಗಿ ಲೆಕ್ಕ ತಮ್ಮ ಕೈಯಲ್ಲಿ ಇರುವವರು. ಪೇಟೆಯ ಅನುಭವವು ಇದಕ್ಕೆ ವಿರುದ್ಧವಾಗಿದೆ. ಅಣ್ಣತಮ್ಮಂದಿರ ಪೇಢಿಗಳು ಒಡೆದದ್ದು ಕಿರ್ದಿ ಬರೆದದ್ದರಿಂದ ಅಲ್ಲ, ಒಬ್ಬನೇ ಬರೆದು ಉಳಿದವರಿಗೆ ತೋರಿಸದೆ ಇದ್ದದ್ದರಿಂದ. 1932ರ ಪಾಲುದಾರಿಕೆ ಕಾಯ್ದೆಯು ಪಾಲುದಾರರು ಪರಸ್ಪರ ನಿಷ್ಠೆಯಿಂದ ನಡೆದು ಸತ್ಯವಾದ ಲೆಕ್ಕ ಒಪ್ಪಿಸಬೇಕೆಂದು ಹೇಳುತ್ತದೆ. ಪ್ರತಿಯೊಬ್ಬ ಪಾಲುದಾರನಿಗೂ ಪೇಢಿಯ ಪುಸ್ತಕಗಳನ್ನು ನೋಡಿ ನಕಲು ಮಾಡಿಕೊಳ್ಳುವ ಹಕ್ಕು ಕೊಡುತ್ತದೆ. ಬೇರೆ ಕರಾರು ಇಲ್ಲದಿದ್ದರೆ ಲಾಭದಲ್ಲಿ ಎಲ್ಲರಿಗೂ ಸಮಪಾಲು ಎನ್ನುತ್ತದೆ. ಒಬ್ಬನು ಹೆಚ್ಚು ಬಂಡವಾಳ ಹಾಕಿದ, ಇನ್ನೊಬ್ಬನು ಕೇವಲ ದುಡಿದ ಎಂಬ ಕಾರಣಕ್ಕೆ ತಾನಾಗಿಯೇ ಪಾಲು ಕಡಿಮೆಯಾಗುವುದಿಲ್ಲ. ಸಂಸಾರವು ಪೇಢಿಯಲ್ಲ, ಒಪ್ಪತಕ್ಕ ಮಾತು. ಆದರೆ ಅಪರಿಚಿತರಿಬ್ಬರು ಕೂಡಿ ತಂಬಾಕು ಕೊಂಡು ಮಾರುವಾಗ ತೋರಿಸಬೇಕಾದ ಪ್ರಾಮಾಣಿಕತೆಗಿಂತ ಕಡಿಮೆಯದು ಸತಿಪತಿಗಳ ನಡುವೆ ಸಾಕೆಂದು ಯಾರು ಹೇಳುವರು?

ಲೆಕ್ಕ ತೋರಿಸುವುದು ಈ ಮನೆಗಳಲ್ಲಿ ಸೌಜನ್ಯದ ಮಾತು ಮಾತ್ರವೂ ಅಲ್ಲ. ಅಮೆರಿಕದ ತೆರಿಗೆ ಪದ್ಧತಿಯಲ್ಲಿ ದಂಪತಿಗಳು ಕೂಡಿ ವಿವರಣ ಪತ್ರ ಸಲ್ಲಿಸಿದರೆ ತೆರಿಗೆ ಕಡಿಮೆಯಾಗುವುದುಂಟು. ಆದುದರಿಂದ ಬಹುಮಂದಿ ಹಾಗೆಯೇ ಸಲ್ಲಿಸುತ್ತಾರೆ. ದುಡಿಯುವ ಪರವಾನಗಿಯಿಲ್ಲದ ಹೆಂಡತಿಗೆ ಅಲ್ಲಿಯ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗುವುದಿಲ್ಲ. ಅದರ ಬದಲು 1996ರಿಂದ ಬಂದ ಐ.ಟಿ.ಐ.ಎನ್. ಎಂಬ ತೆರಿಗೆಯ ಸಂಖ್ಯೆಯನ್ನು ಪಡೆಯಬೇಕು. ಕೂಡಿ ಸಲ್ಲಿಸಿದ ಪತ್ರಕ್ಕೆ ಆಕೆಯೂ ಸಹಿ ಮಾಡಬೇಕು, ಮತ್ತು ಆ ಸಹಿಯಿಂದ ಪೂರ್ಣ ತೆರಿಗೆಗೂ ದಂಡಕ್ಕೂ ಇಬ್ಬರೂ ಹೊಣೆಗಾರರಾಗುತ್ತಾರೆ. ಒಂದು ಡಾಲರನ್ನೂ ಗಳಿಸದವಳು ಗಂಡನ ಗಳಿಕೆಯ ತೆರಿಗೆಗೆ ಹೊಣೆ! ಋಣದಲ್ಲಿ ಸಮಭಾಗಿಯಾದವಳು ಧನದಲ್ಲಿ ಆಗಬಾರದೇಕೆ? 2020ರ ಮಾರ್ಚಿನಲ್ಲಿ ಕೊರೊನಾ ಪರಿಹಾರವನ್ನು ಹಂಚುವಾಗ, ಕೂಡಿ ವಿವರಣ ಪತ್ರ ಸಲ್ಲಿಸಿದ ದಂಪತಿಗಳಲ್ಲಿ ಒಬ್ಬರಿಗೆ ಆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿದ್ದರೆ, ಸೈನಿಕರ ಹೊರತು, ಇಬ್ಬರಿಗೂ ಹಣ ನಿರಾಕರಿಸಲಾಯಿತು. ಅದೇ ವರ್ಷದ ಡಿಸೆಂಬರಿನ ಕಾನೂನಿನಿಂದ ಅದನ್ನು ತಿದ್ದಲಾಯಿತು.

ಹೆಂಡತಿಯ ಹೆಸರಿನಲ್ಲಿ ಊರಿನಲ್ಲಿ ಇರುವ ಹಣದ ಸಂಗತಿಯೂ ಇದಕ್ಕೆ ಹೊಂದಿಕೊಂಡಿದೆ. ಮಗಳ ಲಗ್ನಕ್ಕೆಂದು ತಂದೆಯು ಬ್ಯಾಂಕಿನಲ್ಲಿಯೋ ಸೊಸಾಯಿಟಿಯಲ್ಲಿಯೋ ಇಟ್ಟ ಠೇವಣಿಯನ್ನು ಮಗಳು ಪರದೇಶಕ್ಕೆ ಹೋದ ಮೇಲೂ ಹಾಗೆಯೇ ಮುಂದುವರಿಸುವುದು ಇಲ್ಲಿ ಸಾಮಾನ್ಯ. ಅಲ್ಲಿಯ ವಿವರಣ ಪತ್ರದಲ್ಲಿ ಜಗತ್ತಿನ ಎಲ್ಲೆಡೆಯ ಆದಾಯವನ್ನೂ ತೋರಿಸಬೇಕಾದುದರಿಂದ ಆ ಬಡ್ಡಿಯೂ ಅದರಲ್ಲಿ ಬರಬೇಕು. ಪರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಬೇರೆ ವರದಿ ಕೊಡಬೇಕು. ಕೊಡದಿದ್ದರೆ ದಂಡ ದೊಡ್ಡದು. ಇಲ್ಲಿಯ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್.ಆರ್.ಒ. ಖಾತೆಯಾಗಿ ಬದಲಿಸಬೇಕೆಂಬುದು ಭಾರತದ ನಿಯಮ. ಮಗಳಿಗೆ ಹಿತವೆಂದು ಇಟ್ಟ ಗಂಟು ಮಗಳನ್ನೇ ತಪ್ಪಿತಸ್ಥಳನ್ನಾಗಿ ಮಾಡದಂತೆ ತಂದೆಯೂ ಅದರ ಪಟ್ಟಿಯನ್ನು ಆಕೆಗೆ ಕೊಡುವುದು ಲೇಸು.

ಇನ್ನು ದುಡಿಯಬಾರದೆಂಬ ನಿಷೇಧವನ್ನು ಮೀರುವ ಪ್ರಲೋಭನ. ಮನೆಯಲ್ಲಿ ಸೀರೆ ಮಾರುವುದು, ಹಬ್ಬಕ್ಕೆ ಹೋಳಿಗೆ ಮಾಡಿ ಕೊಡುವುದು, ಮಕ್ಕಳಿಗೆ ಸಂಗೀತ ಕಲಿಸಿ ನಗದು ಪಡೆಯುವುದು, ಬೆಂಗಳೂರಿನ ಕಂಪನಿಯ ಕೆಲಸವನ್ನು ಅಲ್ಲಿಯೇ ಕುಳಿತು ಗುಟ್ಟಾಗಿ ಮಾಡುವುದು - ಇವುಗಳನ್ನು ಯಾರಿಗೂ ಹಿಂಸೆಯಾಗದ ನಿರ್ದೋಷ ಕೆಲಸಗಳೆಂದು ಹೇಳುವವರಿದ್ದಾರೆ. ಇನ್ನು ಕೆಲವರು ಹೆಂಡತಿಯ ವ್ಯಾಪಾರವನ್ನು ಗಂಡನ ಹೆಸರಿನಲ್ಲಿ ತೋರಿಸುತ್ತಾರೆ. ಗಂಡನಾದರೋ ತನ್ನನ್ನು ಕರೆಸಿಕೊಂಡ ಮಾಲೀಕನ ಕೆಲಸವನ್ನಷ್ಟೇ ಮಾಡತಕ್ಕವನು. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದನ್ನು ಕಳ್ಳತನದ ನೆರೆಯಲ್ಲಿ ಇರಿಸಿದ ಆಚಾರ್ಯರು ವರ್ತಕರ ಮನಸ್ಸನ್ನು ಚೆನ್ನಾಗಿ ಬಲ್ಲವರಾಗಿದ್ದರು. ನಿಯಮವೇ ಅನ್ಯಾಯವಾಗಿದ್ದರೆ ಏನು ಮಾಡಬೇಕೆಂದು ಕೇಳಬಹುದು. ಬಹಿರಂಗವಾಗಿ ಅದನ್ನು ಬದಲಿಸಲು ಯತ್ನಿಸಬೇಕು. 2015ರ ನಿಯಮ ಬರುವ ಮೊದಲು ಎಚ್-4ರ ಹೆಣ್ಣುಮಕ್ಕಳೇ ತಮ್ಮ ಸ್ಥಿತಿಯನ್ನು ಬಹಿರಂಗವಾಗಿ ಹೇಳಿಕೊಂಡು ಬದಲಾವಣೆಗಾಗಿ ಒತ್ತಾಯಿಸಿದ್ದರು. ಗುಟ್ಟಿನ ಗಳಿಕೆಯಲ್ಲಿ ಸಿಕ್ಕಿಬಿದ್ದರೆ ಸಂಕಟ ಇಡೀ ಮನೆಗೆ; ಸಿಕ್ಕಿಬೀಳದಿದ್ದರೂ ಆ ಹಣವು ಯಾವ ಲೆಕ್ಕದಲ್ಲಿಯೂ ನಿಲ್ಲದು. ಬಾಡಿಗೆ, ಬಡ್ಡಿ, ಲಾಭಾಂಶಗಳನ್ನು ಪಡೆಯಲು ಆಕೆಗೆ ಅಡ್ಡಿಯಿಲ್ಲ. ವಾರಾಂತ್ಯದ ಶಾಲೆಗಳಲ್ಲಿ ಹಣ ಪಡೆಯದೆ ಮಕ್ಕಳಿಗೆ ಕನ್ನಡ ಕಲಿಸಲಿಕ್ಕೂ ಇಲ್ಲ.

ಆದರೆ ಈ ಪ್ರಲೋಭನದ ಹೊಣೆ ಯಾರ ಮೇಲೆ ಎಂಬುದನ್ನೂ ವಿಚಾರಿಸಬೇಕು. ಹೋಳಿಗೆ ಮಾರಿ ನೂರು ಡಾಲರ್ ಬಚ್ಚಿಡುವ ಹೆಣ್ಣುಮಗಳಿಗೆ ಬೇಕಾದದ್ದು ಆ ನೂರು ಡಾಲರ್ ಆಗಿರಲಿಕ್ಕಿಲ್ಲ. ಯಾರಿಗೂ ಲೆಕ್ಕ ಹೇಳದೆ ಖರ್ಚು ಮಾಡುವ ಸ್ವಾತಂತ್ರ್ಯ ಆಗಿರಬಹುದು. ಅದನ್ನು ಮನೆಯೊಳಗೇ ಕೊಡಬಹುದಾದ ಗಂಡನು ಕೊಡದೆ ಹೋದರೆ, ಆಕೆಯ ದೋಷದಲ್ಲಿ ಅವನಿಗೂ ಭಾಗವಿದೆ.

ಕೊಡುವ ಬಗೆ ಕಠಿಣವೇನಲ್ಲ. ಸಂಬಳ ಬಂದು ಬೀಳುವ ಖಾತೆಯಲ್ಲಿ ಇಬ್ಬರ ಹೆಸರೂ ಇರಬೇಕು. ಮನೆಯ ಬಾಡಿಗೆ, ವಿಮೆ, ಕಿರಾಣಿ ಎಲ್ಲ ಕಳೆದ ಮೇಲೆ, ಇಬ್ಬರಿಗೂ ಸಮನಾದ ಮೊತ್ತ ಅವರವರ ಸ್ವಂತ ಖಾತೆಗೆ ಹೋಗಬೇಕು. ಅದರ ಲೆಕ್ಕವನ್ನು ಒಬ್ಬರು ಮತ್ತೊಬ್ಬರಿಗೆ ಕೇಳಬಾರದು. ಗಂಡನು ಕಾಫಿಗೆ ಎಷ್ಟು ಖರ್ಚು ಮಾಡಿದನೆಂದು ಯಾರೂ ಕೇಳುವುದಿಲ್ಲವಾದರೆ ಹೆಂಡತಿಯು ತಮ್ಮನಿಗೆ ಏನು ಕಳಿಸಿದಳೆಂದೂ ಕೇಳಬೇಕಾಗಿಲ್ಲ. ಗಂಡನ ನಿವೃತ್ತಿ ನಿಧಿಯು ಬೆಳೆಯುತ್ತಿದ್ದರೆ ಹೆಂಡತಿಯ ಹೆಸರಿನಲ್ಲಿಯೂ ಒಂದು ಬೆಳೆಯಬೇಕು. ಕೂಡಿ ತೆರಿಗೆ ಪತ್ರ ಸಲ್ಲಿಸುವ ದಂಪತಿಗಳಲ್ಲಿ ದುಡಿಯದವರ ಹೆಸರಿನಲ್ಲಿಯೂ ಐ.ಆರ್.ಎ. ಎಂಬ ಖಾತೆಗೆ ಹಣ ಹಾಕಲು ಅಲ್ಲಿಯ ಕಾನೂನು ಅವಕಾಶ ಕೊಟ್ಟಿದೆ. ನಾಗರಿಕಳಲ್ಲದ ಹೆಂಡತಿಗೆ ಕೊಡುವ ಹಣಕ್ಕೆ ತೆರಿಗೆ ಬಿದ್ದೀತೆಂದು ಹಿಂಜರಿಯುವವರೂ ಇದ್ದಾರೆ. ಅದರ ವಾರ್ಷಿಕ ವಿನಾಯಿತಿ 2025ರಲ್ಲಿ 1,90,000 ಡಾಲರ್ ಇದ್ದಿತು. ಸಾಮಾನ್ಯ ನೌಕರನ ಮನೆಗೆ ಇದು ಸಬೂಬು ಆಗಲಾರದು.

ಹೆಸರಿಗೆ ಮಾತ್ರ ಪಾಲು ಕೊಡುವ ಪದ್ಧತಿಯ ವಿಷಯದಲ್ಲಿಯೂ ಎಚ್ಚರ ಬೇಕು. ಪೇಟೆಯಲ್ಲಿ ಇದು ಹೊಸದಲ್ಲ. ಸಾಲಗಾರರ ಭಯಕ್ಕೆ ಮನೆಯನ್ನು ಹೆಂಡತಿಯ ಹೆಸರಿಗೆ ಬರೆದು, ಕಾಗದಪತ್ರ ತಿಜೋರಿಯಲ್ಲಿಟ್ಟು, ಕೀಲಿಯನ್ನು ತಾನೇ ಇಟ್ಟುಕೊಂಡವರು ಎಷ್ಟಿಲ್ಲ! ಪರಿಗ್ರಹಕ್ಕೆ ಮಿತಿ ಹಾಕಿಕೊಂಡವರು ಮಿತಿ ಮೀರಿದ್ದನ್ನು ಮಡದಿಯ ಹೆಸರಿಗೆ ಬರೆದು ಸಮಾಧಾನಪಡುವುದೂ ಇದೇ ಜಾತಿಯದು. ಪಾಸ್‌ವರ್ಡ್ ಗೊತ್ತಿಲ್ಲದ ಜಂಟಿ ಖಾತೆಯೂ ಹಾಗೆಯೇ. ಅಮೆರಿಕದಲ್ಲಿ ಕೆಲಸ ಹೋದರೆ ಎಚ್-1ಬಿ ಹೊಂದಿದವನಿಗೆ ಹೊಸ ಕೆಲಸ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಹೆಂಡತಿಯ ವಾಸದ ಹಕ್ಕೂ ಅದರೊಂದಿಗೇ ಕಟ್ಟಲ್ಪಟ್ಟಿದೆ. ಆ 60 ದಿನಗಳ ಖರ್ಚು, ಮತ್ತು ಮರಳಿ ಬರುವ ಪ್ರಸಂಗ ಬಂದರೆ ಸಾಮಾನು ಸಾಗಿಸುವ ಖರ್ಚು, ಇಬ್ಬರೂ ತೆಗೆಯಬಹುದಾದ ಖಾತೆಯಲ್ಲಿ ಇರಬೇಕು. ಗಂಡನಿಗೆ ಆಕಸ್ಮಿಕವಾದರೆ ಪರದೇಶದಲ್ಲಿ ಒಂಟಿಯಾದವಳಿಗೆ ಬ್ಯಾಂಕಿನವರು ಕೇಳುವ ಮೊದಲ ಪ್ರಶ್ನೆ, ಖಾತೆಯಲ್ಲಿ ನಿಮ್ಮ ಹೆಸರಿದೆಯೇ ಎಂಬುದು.

ತಂದೆತಾಯಿಗಳ ಪೋಷಣೆಯ ಪ್ರಶ್ನೆ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಮಗನು ನಿಪ್ಪಾಣಿಯ ತಂದೆಗೆ ತಿಂಗಳು ತಿಂಗಳು ಹಣ ಕಳಿಸುತ್ತಾನೆ. ಅದು ಕರ್ತವ್ಯ, ಯಾರೂ ಪ್ರಶ್ನಿಸುವುದಿಲ್ಲ. ಸೊಸೆಯ ತಂದೆತಾಯಿಗಳು ರಾಯಬಾಗದಲ್ಲಿ ಔಷಧಿಗೆ ಪರದಾಡುತ್ತಿದ್ದರೆ? ಕರ್ನಾಟಕವು 1994ರಲ್ಲಿಯೇ, ಇಡೀ ದೇಶವು 2005ರಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನ ಸಮಾನ ಪಾಲು ಕೊಟ್ಟವು. ತಂದೆತಾಯಿಗಳ ಪೋಷಣೆಯ 2007ರ ಕಾಯ್ದೆಯು ಮಕ್ಕಳು ಎಂಬ ಶಬ್ದದಲ್ಲಿ ಮಗಳನ್ನೂ ಸೇರಿಸಿತು. ಹಾಗಾದರೆ ಎಚ್-4ರ ಮಗಳ ಹೆಗಲ ಮೇಲೆ ಕರ್ತವ್ಯವಿದೆ, ಅದನ್ನು ಸಲ್ಲಿಸುವ ಸಾಧನವನ್ನು ಮಾತ್ರ ವೀಸಾ ಕಿತ್ತುಕೊಂಡಿದೆ. ಪುಣೆಯಲ್ಲಿಯೇ ಉಳಿದಿದ್ದರೆ ಆಕೆ ಯಾರನ್ನೂ ಕೇಳದೆ ಅದನ್ನು ಸಲ್ಲಿಸುತ್ತಿದ್ದಳು. ಮನೆಯ ಹಣ ಇಬ್ಬರದೂ ಎಂದು ಒಪ್ಪಿದ ಮೇಲೆ ಎರಡೂ ಕಡೆಯ ಹಿರಿಯರಿಗೆ ಅವರವರ ಅಗತ್ಯಕ್ಕೆ ತಕ್ಕಂತೆ ಹೋಗಬೇಕು. ಬೀಗರ ಮನೆಯಿಂದ ಹಣ ಪಡೆಯಲಾರೆನೆಂದು ಸಂಕೋಚಪಡುವ ಕನ್ಯಾಪಿತೃಗಳಿಗೆ ಅದು ಅಳಿಯನ ಹಣವಲ್ಲ, ಮಗಳದೆಂದು ತಿಳಿಸಿ ಹೇಳುವವನು ಅಳಿಯನೇ ಆದರೆ ಒಳ್ಳೆಯದು.

ಮುಂದೊಂದು ದಿನ ದುಡಿಮೆಯ ಪರವಾನಗಿ ಬರುತ್ತದೆ. ಆಗ ಇನ್ನೊಂದು ತಪ್ಪು ಎದ್ದು ಬರುವುದುಂಟು. ಇಷ್ಟು ವರ್ಷ ಕೈಚಾಚಿದವಳು ಈಗ ತನ್ನ ಸಂಬಳ ತನ್ನದೇ, ಸಂಸಾರದ ಖರ್ಚು ಗಂಡನದು ಎನ್ನುತ್ತಾಳೆ. ಅಥವಾ ಗಂಡನು, ಇನ್ನು ನಿನ್ನ ಖರ್ಚು ನೀನೇ ನೋಡಿಕೋ ಎನ್ನುತ್ತಾನೆ. ಮೊದಲನೆಯದಕ್ಕೆ ಮೂಲ ಹಿಂದಿನ ವರ್ಷಗಳ ಕಹಿ. ಎರಡನೆಯದಕ್ಕೆ ಮೂಲ, ಅಷ್ಟು ವರ್ಷ ತಾನು ಕೊಟ್ಟದ್ದು ದಾನವೆಂಬ ಭಾವನೆ. ಒಬ್ಬರೇ ದುಡಿಯುತ್ತಿದ್ದಾಗ ಹಣ ಇಬ್ಬರದಾಗಿದ್ದ ಮನೆಯಲ್ಲಿ ಇಬ್ಬರೂ ದುಡಿದಾಗಲೂ ಅದೇ ಪುಸ್ತಕ ಮುಂದುವರಿಯುತ್ತದೆ. ಜಮಾ ಬದಿಯಲ್ಲಿ ಒಂದು ಸಾಲು ಹೆಚ್ಚಾಗುತ್ತದೆ, ಅಷ್ಟೇ. ಆ ಸಾಲು ಶಾಶ್ವತವೂ ಅಲ್ಲ. ಪರವಾನಗಿಯ ಅವಧಿ ಮುಗಿದು ನವೀಕರಣದ ಅರ್ಜಿ ಬಾಕಿಯಿದ್ದಾಗ ತಾನಾಗಿಯೇ ದೊರೆಯುತ್ತಿದ್ದ ವಿಸ್ತರಣೆಯನ್ನು 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ಅರ್ಜಿಗಳಿಗೆ ನಿಲ್ಲಿಸಲಾಗಿದೆ. ಹೊಸ ಪತ್ರ ಕೈಗೆ ಬರುವುದು ತಡವಾದರೆ ಆಕೆ ಕೆಲಸ ನಿಲ್ಲಿಸಿ ಮನೆಯಲ್ಲಿ ಕೂಡಬೇಕಾಗುತ್ತದೆ, ಸಂಬಳವೂ ನಿಲ್ಲುತ್ತದೆ. ಅಂಥ ತಿಂಗಳುಗಳಲ್ಲಿಯೂ ಆಕೆಯ ಸ್ವಂತ ಖಾತೆಗೆ ಹೋಗುವ ಮೊತ್ತ ಗಂಡನ ಮೊತ್ತಕ್ಕೆ ಸಮನಾಗಿ, ಅದೇ ತಾರೀಖಿಗೆ ಜಮಾ ಆಗತಕ್ಕದ್ದು.